ದೊಡ್ಡಮ್ಮ ಎತ್ತಿಟ್ಟ ಮಾತ್ರೆಗಳು

ಸೊಳ್ಳೆ ಓಡಿಸಲು ಪಾಲಿಕೆಯವರು ಬಿಡುವ ಹೊಗೆಯ ಡೀಸೆಲ್ ವಾಸನೆ ನಿಮಗೂ ಗೊತ್ತಿರಬಹುದು. ಮಂಗಳೂರಿನಲ್ಲಿ ಮಲೇರಿಯಾ ಬಾರದ ಮನೆ ಯಾವುದಿತ್ತು? ಈಗಲೂ ಮಳೆ ಹಿಡಿದು ಆ ಹೊಗೆ ಗೇಟಿನೊಳಗೆ ನುಗ್ಗಿದರೆ ನನಗೆ ಅತ್ತಾವರದ ನಮ್ಮ ಹಂಚಿನ ಮನೆ ನೆನಪಾಗುತ್ತದೆ, ಹಿಂದೆಯೇ ಸಿಟ್ಟು ಬರುತ್ತದೆ. ಅಪ್ಪ ಬೋಟಿಗೆ ಹೋಗುತ್ತಿದ್ದರು. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಮೀನು ಮಾರುತ್ತಿದ್ದಳು. ಸಂಜೆ ಅವಳು ಮಿಂದು, ಒದ್ದೆ ಕೂದಲಿಗೆ ಮಲ್ಲಿಗೆ ಮುಡಿದು ಚಾವಡಿಯಲ್ಲಿ ಕೂತರೆ ಸೋಪು, ಹೂವು, ಮೀನು ಮೂರರ ವಾಸನೆಯೂ ಒಟ್ಟಿಗೆ ಬರುತ್ತಿತ್ತು. ನಾನು ಅವಳ ಮಡಿಲು ಬಿಟ್ಟು ಏಳುತ್ತಿರಲಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದ ಮಳೆಗಾಲ ಅವಳಿಗೆ ಚಳಿಜ್ವರ ಬಂತು. ಪಕ್ಕದಲ್ಲಿ ಫ್ಲ್ಯಾಟು ಕಟ್ಟುತ್ತಿದ್ದರು. ಲಿಫ್ಟಿನ ಗುಂಡಿಯಲ್ಲಿ ಸೊಂಟದವರೆಗೆ ನೀರು. ಪಾಲಿಕೆಯವರು ಅದನ್ನು ದಾಟಿ ಬಂದು ನಮ್ಮ ಅಂಗಳದ ನೀರಿನ ಪಾತ್ರೆ ಮಗುಚಿ, ಅವಳಿಗೇ ಬೈದರು. "ಆಚೆ ಅಷ್ಟು ನೀರು ಉಂಟಲ್ಲ ಮಾರಾಯ್ರೆ, ಅದು ನಿಮಗೆ ಕಾಣುದಿಲ್ವಾ?" ಎಂದಳು. ಅವರು ಮುಂದಿನ ಮನೆಗೆ ನಡೆದರು. ಆ ಕಟ್ಟಡದವರಿಗೆ ಯಾರ ಬೆಂಬಲವಿತ್ತೆಂದು ಇಡೀ ಓಣಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ರಕ್ತ ನೋಡಿ ಎರಡು ವಾರದ ಮಾತ್ರೆ ಕೊಟ್ಟರು. ನಾಲ್ಕನೇ ದಿನ ಜ್ವರ ಬಿಟ್ಟಿತು, ಅವಳು ಮಾತ್ರೆ ಬಿಟ್ಟಳು. ನಮ್ಮವರೆಲ್ಲ ಹಾಗೆಯೇ ಮಾಡುತ್ತಿದ್ದರು. ಉಳಿದದ್ದನ್ನು ಮುಂದೆ ಜ್ವರ ಬಂದು ಮಲಗುವವರಿಗೆಂದು ಡಬ್ಬಿಯಲ್ಲಿ ಎತ್ತಿಡುತ್ತಿದ್ದರು. ಮದ್ದು ಮುಗಿದಿದೆ, ಬರುವ ವಾರ ಬನ್ನಿ ಎಂಬ ಮಾತು ಕೇಳಿ ಕೇಳಿ ಕಲಿತ ಬುದ್ಧಿ ಅದು. ನನಗೆ ಜ್ವರ ಬಂದಾಗಲೂ ಅಮ್ಮ ಆ ಮಾತು ಕೇಳಿಕೊಂಡು ಬರಿಗೈಯಲ್ಲಿ ಬಂದಳು. ದೊಡ್ಡಮ್ಮ ಡಬ್ಬಿ ತೆಗೆದು ಮಾತ್ರೆಯನ್ನು ಅರ್ಧ ಮಾಡಿದಳು. "ಕಹಿ ಉಂಟು, ಬೆಲ್ಲ ಕೊಡ್ತೇನೆ, ನುಂಗು ಮಗಾ."

ನಾನು ಎದ್ದು ಶಾಲೆಗೆ ಹೋದೆ. ತಿಂಗಳೊಳಗೆ ಅವಳಿಗೆ ಜ್ವರ ಮರಳಿತು, ಕಣ್ಣು ಹಳದಿಯಾಯಿತು. ಡಾಕ್ಟರು ಮಂಚದ ಬಳಿ ನಿಂತು, ಪೂರ್ತಿ ಮಾತ್ರೆ ಯಾಕೆ ತಿನ್ನಲಿಲ್ಲ ಎಂದು ವಾರ್ಡಿನ ಎದುರೇ ಗದರಿದರು. ಕಾಲ ಬಳಿ ನಿಂತಿದ್ದ ನನ್ನ ಕಡೆ ಅವಳು ನೋಡಲೇ ಇಲ್ಲ. "ಮರೆತುಹೋಯ್ತು" ಎಂದಳು. ಮೂರು ದಿನದಲ್ಲಿ ಹೋದಳು. ಆ ಮನೆಯೂ ಹೋಯಿತು, ಅಲ್ಲೂ ಫ್ಲ್ಯಾಟು ಬಂತು. ಜನರಿಗೆ ತಿಳುವಳಿಕೆ ಇಲ್ಲದ್ದರಿಂದಲೇ ರೋಗ ಹರಡುತ್ತದೆ ಎಂದು ಮೊನ್ನೆಯೂ ಒಬ್ಬರು ಮೈಕಿನಲ್ಲಿ ಹೇಳಿದರು. ನನಗೆ ಮೈ ಉರಿಯಿತು. ಅವಳ ಆಸ್ಪತ್ರೆಯ ಚೀಟಿಯಲ್ಲೂ ಅದನ್ನೇ ಬರೆದಿದ್ದರು: ರೋಗಿಯ ಅಜಾಗ್ರತೆ. ಗುಂಡಿಯ ನೀರಿನ ಸುದ್ದಿ ಅದರಲ್ಲಿರಲಿಲ್ಲ, ಮುಗಿದುಹೋದ ಮದ್ದಿನದ್ದೂ ಇರಲಿಲ್ಲ. ಅಂದು ಬಾಯಿ ಬಿಡದ ನನ್ನನ್ನೂ ನಾನು ಕ್ಷಮಿಸಿಲ್ಲ. ಅವಳು ಮರೆತಿರಲಿಲ್ಲ, ಡಾಕ್ಟರೇ. ಅವಳ ಪಾಲಿನದನ್ನು ತಿಂದವಳು ನಾನು.