ಮಲೇರಿಯಾದವರು

ಬಸ್ತಿಹಳ್ಳಿಯಲ್ಲಿ ನಾವೆಲ್ಲ ಆರೋಗ್ಯ ಇಲಾಖೆಯ ಒಬ್ಬ ಕಾರ್ಯಕರ್ತರನ್ನು ‘ಮಲೇರಿಯಾದವರು’ ಎಂದೇ ಕರೆಯುತ್ತಿದ್ದೆವು. ಹಳೇಬೀಡಿನ ಆಸ್ಪತ್ರೆಯಿಂದ ಸೈಕಲ್ಲಿನಲ್ಲಿ ಬಂದು, ಜ್ವರವಿದ್ದವರ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಹಚ್ಚಿಕೊಳ್ಳುತ್ತಿದ್ದರು. ಯಾರಾದರೂ ಹಿಂಜರಿದರೆ, ‘ನೋಡೇ ಬುಡಾಣ’ ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೇಷ್ಟ್ರ ಕೆಲಸಕ್ಕೆಂದು ತಾಂಜಾನಿಯಾಕ್ಕೆ ಹೊರಟೆ. ವೀಸಾ, ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟು ಎಲ್ಲ ಸಿದ್ಧವಿತ್ತು. ಮಲೇರಿಯಾದವರು ಒಂದೇ ಮಾತು ಹೇಳಿದ್ದರು: ‘ವಾಪಸ್ ಬಂದ್ಮೇಲೂ ನಾಕು ವಾರ ಮಲೇರಿಯಾ ಮಾತ್ರೆ ಬಿಡಬ್ಯಾಡಿ, ಮೇಷ್ಟ್ರೇ.’ ರಜೆಗೆ ಊರಿಗೆ ಬಂದ ದಿನವೇ ನಾನು ಮಾತ್ರೆ ಬಿಟ್ಟೆ.

ಹತ್ತನೇ ದಿನ ಜ್ವರ ಏರಿತು. ಅವರು ಬಂದು ರಕ್ತ ಒಯ್ದವರು, ಒಂದು ಗಂಟೆಯೊಳಗೆ ಬಾಡಿಗೆ ಕಾರಿನಲ್ಲಿ ವಾಪಸ್ ಬಂದರು.

‘ನಾಳೆ ಹೋದ್ರಾಗಲ್ವಾ?’ ಎಂದಳು ನನ್ನ ಹೆಂಡತಿ.

‘ಇಲ್ಲ ಕಣಮ್ಮ, ಇದು ಮೆದುಳಿಗೆ ಏರೋ ಜಾತಿ. ಈಗ್ಲೇ ಹಾಸನಕ್ಕೆ ಹೋಗ್ಬೇಕು.’

ದಾರಿಯುದ್ದಕ್ಕೂ ಅವರು ನನ್ನ ಕೆನ್ನೆ ತಟ್ಟಿ ಮಾತಾಡಿಸುತ್ತಿದ್ದರು. ಹಗರೆ ಊರು ದಾಟುವಾಗ, ‘ಮಗಳ ಹೆಸರೇನು, ಹೇಳಿ’ ಎಂದರು. ನನಗೆ ಹೊಳೆಯಲಿಲ್ಲ. ಅವರು ಡ್ರೈವರಿಗೆ ಇನ್ನೂ ಜೋರಾಗಿ ಓಡಿಸಲು ಹೇಳಿದರು.

ಎಂಟು ದಿನದ ಮೇಲೆ ಗುಣವಾಗಿ ಮನೆಗೆ ಬಂದಾಗ, ಅವರು ನಮ್ಮ ಬೀದಿಯಲ್ಲಿ ಮನೆಮನೆಯವರ ರಕ್ತ ತೆಗೆಯುತ್ತಿದ್ದರು. ಮಾತ್ರೆ ಬಿಟ್ಟಿದ್ದನ್ನು ಒಪ್ಪಿಕೊಂಡೆ. ಅವರು ಬೈಯಲಿಲ್ಲ.

‘ಇಲ್ಲಿ ಜ್ವರದಾಗೆ ನಿಮ್ಮನ್ನ ಕಚ್ಚಿದ ಸೊಳ್ಳೆ ಇನ್ಯಾರನ್ನ ಕಚ್ಚೈತೋ, ಗೊತ್ತಾಗ್ಬೇಕಲ್ಲ’ ಎಂದು ನನ್ನ ಮಗಳನ್ನು ಹತ್ತಿರ ಕರೆದರು. ಅವಳು ಹೆದರಿ ಕೈ ಹಿಂದಕ್ಕೆಳೆದುಕೊಂಡಳು. ನಾನೇ ಅವಳ ಬೆರಳು ಹಿಡಿದು ಅವರ ಮುಂದೆ ಚಾಚಿದೆ.