ಕರುಳಿನ ತಂತಿ

ನಾನು ಹುಟ್ಟು ಸಂಶಯದವನು. ಹಾಲು ಕೊಟ್ಟರೆ ನೀರೆಷ್ಟು ಬೆರೆಸಿದ್ದಾರೆಂದು ಮೊದಲು ನೋಡುವವನು. ಕಂಟೋನ್ಮೆಂಟಿನ ಡಾಕ್ಟರ ಅಕ್ಕ, ವಯಸ್ಸಾದ ದೊರೆಸಾನಿ, ತನ್ನ ಹಾಡಿಗೆ ಲ್ಯೂಟ್ ನುಡಿಸಲು ಕರೆದಾಗ ಇದರಲ್ಲೇನೋ ಮಸಲತ್ತಿದೆ ಎಂದೇ ಅಂದುಕೊಂಡೆ. ಬಳ್ಳಾರಿಯಲ್ಲಿ ಬಿಳಿಯರಿಗೇನು ಬರವೇ? ಸಿರುಗುಪ್ಪದಿಂದ ಬಂದು ಇಲ್ಲಿ ನೆಲೆಸಿದ ವೈಷ್ಣವರ ಮನೆಯ ವೀಣೆಯವನೇ ಏಕೆ ಬೇಕು?

ಲ್ಯೂಟ್ ಎಂದರೆ ಅರ್ಧ ಕುಂಬಳಕಾಯಿಯಂಥ ಬೆನ್ನಿನ ತಂತಿವಾದ್ಯ. ಆಕೆಯ ಬೆರಳಿಗೆ ವಾತ ಹಿಡಿದಿತ್ತು. ಇನ್ನೂರೈವತ್ತು ವರ್ಷಕ್ಕೂ ಹಿಂದಿನ ತಮ್ಮ ನಾಡಿನ ಹಾಡುಗಳನ್ನು, ಊರಿಗೆ ಮರಳುವ ಮುನ್ನ ಒಂದು ಸಂಜೆ ನಾಲ್ಕು ಜನರ ಮುಂದೆ ಆ ವಾದ್ಯದೊಂದಿಗೆ ಹಾಡಬೇಕೆಂಬುದೊಂದೇ ಆಕೆಯ ಆಸೆ. ಏಸುವಿನ ಹಾಡೇ ಎಂದು ಕೇಳಿದೆ. ಬಿಟ್ಟುಹೋದವನಿಗಾಗಿ ಅಳುವ ಹಾಡು ಎಂದಳು. ನಂಬಲಿಲ್ಲ. ಆದರೂ ಕಲಿಯಲು ಹೋದೆ; ಎರಡನೇ ವಾರಕ್ಕೆ ಆ ಹಾಡುಗಳು ನನ್ನ ಎದೆಯೊಳಗೆ ಕೂತಿದ್ದವು.

ತೊಡಕಾದದ್ದು ತಂತಿ. ಲ್ಯೂಟಿನದು ಲೋಹವಲ್ಲ, ಕರುಳು. ಕುರಿಯದೆಂದು ಆಕೆ ಹೇಳಿದ್ದಳು. ದಿನವೂ ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಕುರುಗೋಡಿನಿಂದ ಬಂದ ಸೋದರತ್ತೆ ಒಂದು ದಿನ ಹೊಸ್ತಿಲಲ್ಲೇ ತಡೆದಳು.

"ಕುರೀದು ಅಂತ ಆಕಿ ಅಂದ್ಲು, ನೀ ನಂಬಿದಿ? ದನದ್ದಿದ್ರ ಏನ್ ಮಾಡ್ತಿ ಲೇ? ಇನ್ನ ದೇವರ ಮುಂದಿನ ವೀಣಿ ಮುಟ್ಟಬ್ಯಾಡ."

ಆ ಮಾತು ತಲೆಗೆ ಹುಳ ಬಿಟ್ಟಿತು.

ಹಾಡಿನ ದಿನ ಭಾನುವಾರ. ಬೆಳಿಗ್ಗೆ ಆಕೆ ಚರ್ಚಿಗೆ ಹೋಗಿದ್ದಾಗ ಆಕೆಯ ಮನೆಯಲ್ಲೇ ಲ್ಯೂಟಿನ ಕರುಳೆಲ್ಲ ಬಿಚ್ಚಿ ವೀಣೆಯ ಹಿತ್ತಾಳೆ ತಂತಿ ಕಟ್ಟಿದೆ. ನಾದ ಇನ್ನೂ ಗಟ್ಟಿಯಾದೀತು, ಆಕೆಯೇ ಮೆಚ್ಚಿಯಾಳು ಎಂದುಕೊಂಡೆ. ವೀಣೆಯ ಹಲಸಿನ ಕೊಡ ಎಷ್ಟು ಬಿಗಿದರೂ ತಾಳುತ್ತದೆ. ಲ್ಯೂಟಿನ ಹೊಟ್ಟೆಯ ಹಲಗೆ ಹಪ್ಪಳದಷ್ಟು ತೆಳು. ಶ್ರುತಿಗೆ ಏರಿಸುತ್ತಿದ್ದಂತೆ ಫಟ್ಟೆಂದು ಸೀಳಿತು. ಹಿತ್ತಾಳೆ ತಂತಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು, ಕರುಳನ್ನೇ ಮತ್ತೆ ಸಡಿಲವಾಗಿ ಸುತ್ತಿಟ್ಟೆ.

ಆಕೆ ಬಂದು ಸೀಳನ್ನು ಬೆರಳಿನಿಂದ ಸವರಿದಳು. ಈಗ ಕೇಳುತ್ತಾಳೆ, ಈಗ ಹಿಡಿಯುತ್ತಾಳೆ ಎಂದು ನಿಂತಿದ್ದೆ.

"ಬಳ್ಳಾರಿ ಬಿಸಲು ಭಾಳ ಕೆಟ್ಟದ್ದು ಐತಿ. ನಿಮ್ಮದೇನೂ ತಪ್ಪಿಲ್ರಿ," ಎಂದು ನನ್ನನ್ನೇ ಸಮಾಧಾನ ಮಾಡಿದಳು. ಲೋಕವನ್ನೆಲ್ಲ ಅನುಮಾನಿಸಿದ ನನ್ನ ಮೇಲೆ ಆಕೆಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ, ಆದರೂ ಬಾಯಿ ಬಿಡಲಿಲ್ಲ.

ಸಂಜೆ ಬರಿಗಂಠದಲ್ಲೇ ಹಾಡಿದಳು. ಪ್ರತಿ ಸಾಲಿನ ಕೊನೆಗೆ, ಲ್ಯೂಟ್ ನುಡಿಯಬೇಕಾದಷ್ಟು ಹೊತ್ತು ಸುಮ್ಮನೆ ನಿಂತು, ನನ್ನತ್ತ ನೋಡಿ, ಆಮೇಲೆ ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದಳು. ಜನರ ಹಿಂದೆ ಕೂತ ನನ್ನ ಬೆರಳುಗಳು ತೊಡೆಯ ಮೇಲೆ ಆ ಸ್ವರಗಳನ್ನೇ ಮೀಟುತ್ತಿದ್ದವು. ಸೊಂಟದಲ್ಲಿದ್ದ ಹಿತ್ತಾಳೆ ತಂತಿ ಚುಚ್ಚುತ್ತಲೇ ಇತ್ತು.