ಕಡಲಂಚಿನಲ್ಲಿ ಹಾಕಿದ ಕೂ

2002ರ ಏಪ್ರಿಲ್‌ನಲ್ಲಿ ಬಣಕಲ್ ಕಡೆಯ ನಾವು ನಾಲ್ವರು ಸ್ನೇಹಿತರು ಅಂಡಮಾನಿನ ಹ್ಯಾವ್‌ಲಾಕ್ ದ್ವೀಪಕ್ಕೆ ಪ್ರವಾಸ ಹೋದೆವು. ನಾಲ್ವರಲ್ಲಿ ಇಬ್ಬರ ನಡುವೆ ಮೂಡಿಗೆರೆ ಕೋರ್ಟಿನಲ್ಲಿ ದಾವೆ ನಡೆಯುತ್ತಿತ್ತು.

ದಾವೆ ಹೂಡಿದವನು ಧರ್ಮಪ್ಪ, ಹೂಡಿಸಿಕೊಂಡವನು ಸುರೇಂದ್ರ. ಇಬ್ಬರ ಕಾಫಿ ತೋಟಗಳೂ ಒಂದೇ ಹಳ್ಳದ ದಂಡೆಯಲ್ಲಿವೆ. ಸುರೇಂದ್ರನದು ಮೇಲೆ, ಧರ್ಮಪ್ಪನದು ಕೆಳಗೆ. ಕಾಫಿಯ ಮೊಗ್ಗು ಬಿರಿಯಲು ಬೇಸಗೆಯಲ್ಲಿ ಒಂದು ಒಳ್ಳೆಯ ಮಳೆ ಬೇಕು. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸಬೇಕು. ಒಂದು ವರ್ಷ ಹಾಗೆಯೇ ಆಯಿತು. ಸುರೇಂದ್ರ ಮಣ್ಣಿನ ಚೀಲ ಪೇರಿಸಿ ಹಳ್ಳಕ್ಕೆ ಕಟ್ಟ ಹಾಕಿದ, ಮೋಟರ್ ಇಟ್ಟ. ಕೆಳಗೆ ಧರ್ಮಪ್ಪನ ಮೋಟರ್ ಬರೀ ಗಾಳಿ ಎಳೆಯಿತು. ಅವನ ತೋಟದ ಹೂವು ಅರ್ಧ ಬಿರಿದು ಅಲ್ಲೇ ಕಪ್ಪಾಯಿತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಹೈಸ್ಕೂಲು ಮುಗಿಸಿದವರು, ಒಬ್ಬನ ಮದುವೆಗೆ ಇನ್ನೊಬ್ಬ ಚಪ್ಪರ ಹಾಕಿಸಿದವನು. ಆ ಹೂವಿನ ನಂತರ ಅವರು ಮಾತಾಡಲಿಲ್ಲ.

ಮೂರನೆಯವನು ಚನ್ನಬಸಪ್ಪ. ಬಣಕಲ್ಲಿನಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ಕಟ್ಟ ಹಾಕಿದವನಿಗೆ ಪೈಪು ಮಾರಿದವನೂ ಅವನೇ, ನೀರು ಸಿಗದವನಿಗೆ ಮೋಟರಿನ ವಾಷರ್ ಮಾರಿದವನೂ ಅವನೇ. ಈ ಕಾರಣಕ್ಕೋ ಏನೋ, ಇಬ್ಬರನ್ನೂ ಮತ್ತೆ ಮಾತಾಡಿಸುವ ಹೊಣೆ ತನ್ನದು ಎಂದು ಅವನು ಅಂದುಕೊಂಡಿದ್ದ. ಪ್ರವಾಸ ಅವನ ಯೋಜನೆ. ಇಬ್ಬರಿಗೂ ಅವನು ಏನನ್ನೂ ಮುಚ್ಚಿಡಲಿಲ್ಲ. ಇನ್ನೊಬ್ಬನೂ ಬರುತ್ತಾನೆ ಎಂದು ಮುಖಕ್ಕೇ ಹೇಳಿದ. ಇಬ್ಬರಿಂದಲೂ ಬಂದ ಉತ್ತರ ಹೆಚ್ಚುಕಡಿಮೆ ಒಂದೇ.

“ಅವ್ನು ಬರ್ತಾನೆ ಅಂತ ನಾನ್ಯಾಕ್ ಬಿಡ್ಲಿ?”

ನಾಲ್ಕನೆಯವನು ನಾನು. ಜಿಲ್ಲೆಯ ಒಂದು ಪತ್ರಿಕೆಯ ವರದಿಗಾರ. ಜಗಳದಲ್ಲಿ ಯಾರ ಪರವೂ ಅಲ್ಲದ ಒಬ್ಬ ಬೇಕಾಗಿತ್ತು ಎಂದು ಚನ್ನಬಸಪ್ಪ ನನ್ನನ್ನು ಕರೆದದ್ದಕ್ಕೆ ಕಾರಣ ಕೊಟ್ಟ. ಎರಡೂ ಕಡೆಯವರ ಹೇಳಿಕೆ ಹಾಕಿ ಎರಡೂ ಕಡೆಯವರಿಂದ ಬೈಸಿಕೊಳ್ಳುವುದು ನನ್ನ ಕಸುಬೇ ಆದ್ದರಿಂದ ಒಪ್ಪಿದೆ.

ಗುಡ್ಡದವರಿಗೆ ಕಡಲು ಅಭ್ಯಾಸವಿಲ್ಲ. ನೋಡಿಲ್ಲವೆಂದಲ್ಲ. ಮಂಗಳೂರಿನ ಆಸ್ಪತ್ರೆಗೆ ಯಾರನ್ನಾದರೂ ಸೇರಿಸಲು ಹೋದಾಗ ಸಂಜೆ ಒಂದು ಗಳಿಗೆ ನೋಡಿ ಬಂದವರೇ ಎಲ್ಲರೂ. ಆದರೆ ಕಡಲಿನ ಜೊತೆ ಮೂರು ಹೊತ್ತೂ ಇರಬೇಕಾಗಿ ಬಂದಾಗ ಏನು ಮಾಡಬೇಕೆಂದು ನಮಗೆ ತಿಳಿಯಲಿಲ್ಲ. ಹೊರದೇಶದವರು ಮೀನಿನ ಹಾಗೆ ಈಜುತ್ತಿದ್ದರು. ನಾವು ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರಂತೆ ನಿಂತಿದ್ದೆವು. ನೀರು ಪಾದಕ್ಕೆ ತಾಗಿದರೆ ಹಿಂದೆ ಸರಿಯುವುದು, ನೀರು ಹಿಂದೆ ಸರಿದರೆ ಮುಂದೆ ಬರುವುದು. ಅಷ್ಟೇ ನಮ್ಮ ಜಲಕ್ರೀಡೆ.

ನನಗೆ ಆಗ ಹೊಳೆದದ್ದು ಇದು. ನಮ್ಮ ಊರುಗಳಲ್ಲಿ ಎಲ್ಲಕ್ಕೂ ಮೇಲೆ, ಕೆಳಗೆ ಎಂಬುದಿದೆ. ಮೇಲಿನ ಮನೆ, ಕೆಳಗಿನ ಗದ್ದೆ, ಮೇಲಿನ ರಸ್ತೆ, ಕೆಳಗಿನ ಕೂಲಿ ಲೈನು. ಮದುವೆ ಸಂಬಂಧ ಹೇಳುವಾಗಲೂ ‘ದೇವರಮನೆ ಗುಡ್ಡದ ಕೆಳಗಿನವರು’ ಎನ್ನುತ್ತೇವೆ. ನಮ್ಮ ಜಗಳಗಳೂ ಇಳಿಜಾರಿನಲ್ಲೇ ಹುಟ್ಟುತ್ತವೆ: ಮೇಲಿನವನು ನೀರು ಕಟ್ಟಿದ, ಕೆಳಗಿನವನು ದಾರಿ ಮುಚ್ಚಿದ. ಕಡಲಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಅದನ್ನು ನೋಡುತ್ತ ಕೂತರೆ ದಾವೆ ಹೂಡುವುದು ಹೇಗೆ ಎಂದೇ ಮರೆತುಹೋಗಬೇಕಿತ್ತು. ಮರೆತುಹೋಗಲಿಲ್ಲ. ಊಟಕ್ಕೆ ಕೂತಾಗ ಧರ್ಮಪ್ಪ ಚನ್ನಬಸಪ್ಪನಿಗೆ ಹೇಳಿದ:

“ಆ ಉಪ್ಪಿನ ಡಬ್ಬಿ ಇತ್ಲಾಗ್ ಕೊಡಕ್ಕೆ ಹೇಳು.”

ಡಬ್ಬಿ ಸುರೇಂದ್ರನ ಮೊಣಕೈಯ ಪಕ್ಕದಲ್ಲಿತ್ತು. ಸುರೇಂದ್ರ ಅದನ್ನು ಚನ್ನಬಸಪ್ಪನ ಕಡೆ ತಳ್ಳಿದ. ಚನ್ನಬಸಪ್ಪ ಧರ್ಮಪ್ಪನ ಕಡೆ ತಳ್ಳಿದ.

“ವಾದಿಗೆ ಉಪ್ಪು ತಲುಪಿದೆ ಸ್ವಾಮಿ,” ಎಂದ. ಯಾರೂ ನಗಲಿಲ್ಲ.

ಮರುದಿನ ಮಧ್ಯಾಹ್ನ ಕಡಲ ಹಿಂದಿನ ಕಾಡಿಗೆ ಹೋದೆವು. ಅಲ್ಲಿ ನಮಗೆ ಜೀವ ಬಂತು. ಎತ್ತರದ ಮರ, ಸೊಪ್ಪು ಕೊಳೆತ ವಾಸನೆ, ಕಾಲಿನಡಿ ಮೆತ್ತನೆಯ ನೆಲ. ನಾವು ಇಳಿದುಕೊಂಡಿದ್ದ ಬಿದಿರಿನ ಗುಡಿಸಲುಗಳ ಮಾಲೀಕ ದಾಸ್ ಎಂಬ ಬಂಗಾಳಿ. ಕಾಲುದಾರಿ ಬಿಡಬೇಡಿ, ಬೇಗ ಬನ್ನಿ ಎಂದು ಹಿಂದಿಯಲ್ಲಿ ಹೇಳಿದ್ದ. ಕಾಡಿನ ವಿಷಯದಲ್ಲಿ ನಮಗೆ ಬುದ್ಧಿ ಹೇಳುವವರು ಇದ್ದಾರಲ್ಲ ಎಂದು ನಾವು ಒಳಗೊಳಗೇ ನಕ್ಕಿದ್ದೆವು. ತೋಟದವರು ಕಾಡನ್ನು ನೋಡುವುದಿಲ್ಲ, ಅಳೆಯುತ್ತಾರೆ.

“ಈ ಸೆಕೆಗೆ ಅರೇಬಿಕಾ ಕಾಫಿ ಆಗಲ್ಲ ಚನ್ನಣ್ಣ,” ಎಂದ ಸುರೇಂದ್ರ.

“ರೊಬಸ್ಟಾ ಆಗುತ್ತೆ ಚನ್ನಣ್ಣ. ಮೆಣಸಂತೂ ಹಬ್ಬುತ್ತೆ,” ಎಂದ ಧರ್ಮಪ್ಪ.

ಇಬ್ಬರೂ ಒಪ್ಪಿಕೊಂಡಂತೆ ಆಯಿತು, ಚನ್ನಬಸಪ್ಪನ ಮೂಲಕ. ಇದೇ ಸಮಯ ಎಂದು ಅವನಿಗೆ ಅನ್ನಿಸಿರಬೇಕು. ದಾರಿಗೆ ಅಡ್ಡವಾಗಿ ಒಂದು ಸಣ್ಣ ಹಳ್ಳ ಸಿಕ್ಕಿತು. ಅವನು ನಿಂತು ಎರಡೂ ಕೈ ಚಾಚಿದ.

“ನೋಡ್ರಯ್ಯ, ಇದು ಯಾರ್ ಹಳ್ಳ? ಇದಕ್ಕೂ ಒಂದ್ ಕೇಸ್ ಹಾಕಾಣ?”

“ಹರಿಯೋ ನೀರು ಯಾರಪ್ಪಂದು?” ಎಂದ ಸುರೇಂದ್ರ. ಅವನು ಅದನ್ನು ತಮಾಷೆಗೆ ಹೇಳಿದನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

ಧರ್ಮಪ್ಪ ದಾರಿ ಬಿಟ್ಟು, ಹಳ್ಳದ ಜೊತೆಗೇ ಕೆಳಗೆ ನಡೆದು ಹೋದ. ಚನ್ನಬಸಪ್ಪ ಎರಡು ಸಲ ಕರೆದ. ನಾವು ಹಿಂಬಾಲಿಸಲಿಲ್ಲ. ಹೋಗಲಿ, ಸಿಟ್ಟು ಇಳಿಯಲಿ ಎಂದುಕೊಂಡೆವು. ಹಳ್ಳ ಹಿಡಿದು ಇಳಿದವನು ದಾರಿ ತಪ್ಪುವುದಿಲ್ಲ ಎಂಬುದು ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು. ಯಾವ ಹಳ್ಳವಾದರೂ ಕೊನೆಗೆ ಯಾರದೋ ಗದ್ದೆಗೆ ಬರುತ್ತದೆ, ಗದ್ದೆಯ ಅಂಚಿಗೆ ಮನೆ, ಮನೆಯ ಮುಂದೆ ರಸ್ತೆ. ನಾವು ಬಂದ ದಾರಿಯಲ್ಲೇ ಮರಳಿದೆವು. ಅವನು ನಮಗಿಂತ ಮೊದಲೇ ಬಂದು ಚಹಾ ಕುಡಿಯುತ್ತಿರುತ್ತಾನೆ ಎಂದು ಚನ್ನಬಸಪ್ಪ ಹೇಳಿದ.

ಧರ್ಮಪ್ಪ ಬಂದಿರಲಿಲ್ಲ. ಇನ್ನೊಂದು ಸಂಗತಿಯನ್ನೂ ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಗಡಿಯಾರ ನಮ್ಮದೇ ಆದರೂ ಅಲ್ಲಿ ಸೂರ್ಯ ನಮ್ಮೂರಿಗಿಂತ ಎಷ್ಟೋ ಮೊದಲು ಮುಳುಗುತ್ತಾನೆ. ಬಣಕಲ್ಲಿನಲ್ಲಿ ಇನ್ನೂ ಬಿಸಿಲಿರುವ ಹೊತ್ತಿಗೆ ಅಲ್ಲಿ ಮರಗಳ ಬುಡ ಕಪ್ಪಾಗುತ್ತಿತ್ತು. ಹಳ್ಳ ಹಿಡಿದು ಇಳಿದ ಎಂದು ಹೇಳಿದಾಗ ದಾಸ್ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟ. ಆ ಹಳ್ಳ ಈ ದಡಕ್ಕೆ ಬರುವುದಿಲ್ಲ, ಆಚೆ ಬದಿಯಲ್ಲಿ ಉಪ್ಪುನೀರಿನಲ್ಲೇ ಬೇರೂರಿ ಬೆಳೆಯುವ ಕಾಂಡ್ಲಾ ಕಾಡಿಗೆ ಹೋಗುತ್ತದೆ, ಕಡಲಿನ ಭರತ ಏರಿದರೆ ಅಲ್ಲಿ ನೆಲವೇ ಇರುವುದಿಲ್ಲ, ಮೊಸಳೆಯೂ ಇದೆ ಎಂದ. ಭರತ ಏರಲು ಶುರುವಾಗಿತ್ತು.

ಹಗ್ಗ, ಟಾರ್ಚು ಹಿಡಿದು ದಾಸ್ ಮುಂದೆ ಹೋದ. ನಾವು ಹಿಂದೆ. ಕಾಂಡ್ಲಾ ಕಾಡಿನ ಅಂಚಿಗೆ ಬಂದಾಗ ಬೇರುಗಳ ಸಂದಿಯಲ್ಲಿ ನೀರು ಸದ್ದಿಲ್ಲದೆ ಒಳಗೆ ಬರುತ್ತಿತ್ತು. ಯಾವ ಕಡೆಗೆ ಹೋಗಬೇಕೆಂದು ದಾಸ್‌ಗೂ ತಿಳಿಯಲಿಲ್ಲ. ಸುರೇಂದ್ರ ಎರಡೂ ಅಂಗೈಗಳನ್ನು ಬಾಯಿಯ ಬದಿಗೆ ಹಿಡಿದು ಕೂ ಹಾಕಿದ.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಕಾಡಿನಲ್ಲಿ, ತೋಟದಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಹೆಸರು ಮರಗಳ ನಡುವೆ ಒಡೆದುಹೋಗುತ್ತದೆ. ಹೆಸರು ಕರೆದರೆ ಬೇರೆ ಏನೋ ಓಗೊಡುತ್ತದೆ ಎಂದು ಹಿರಿಯರು ಹೆದರಿಸುತ್ತಿದ್ದದ್ದೂ ಉಂಟು. ‘ಕೂ’ ಎಂದು ಉದ್ದಕ್ಕೆ ಎಳೆಯುತ್ತಾರೆ. ಅದು ಕಣಿವೆ ದಾಟಿ ಹೋಗುತ್ತದೆ. ಹಾಕಿದವರು ಯಾರೆಂದು ದನಿಯಿಂದಲೇ ಗೊತ್ತಾಗುತ್ತದೆ. ಕೇಳಿಸಿಕೊಂಡವನು ತಿರುಗಿ ಕೂ ಹಾಕಬೇಕು. ಕಟ್ಟೆಯ ಮೇಲೆ ಮುಖ ತಿರುಗಿಸಿಕೊಂಡವರೂ ಕಾಡಿನಲ್ಲಿ ಓಗೊಡಲೇಬೇಕು. ಓಗೊಡದವನ ಬಗ್ಗೆ ಊರಿನಲ್ಲಿ ಮಾತಾಡುವ ರೀತಿಯೇ ಬೇರೆ. ಇದನ್ನು ಯಾರೂ ಕಲಿಸುವುದಿಲ್ಲ, ಎಲ್ಲೂ ಬರೆದಿಲ್ಲ. ನೀರಿನ ಹಕ್ಕಿನ ಕಾನೂನಿಗಿಂತ ಹೆಚ್ಚು ಜನ ಪಾಲಿಸುವ ಕಾನೂನು ಅದು.

ಸುರೇಂದ್ರನ ಕೂಗಿಗೆ ಉತ್ತರ ಬರಲಿಲ್ಲ.

ಚನ್ನಬಸಪ್ಪ ಹಾಕಿ ನೋಡಿದ. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ದನಿ, ನಾಲ್ಕು ಮರ ದಾಟಲಿಲ್ಲ. ನನ್ನದು ಕೆಮ್ಮಿನಂತೆ ಬಂತು. ನೀರು ನಮ್ಮ ಪಾದಕ್ಕೆ ಬಂದಿತ್ತು. ಈ ಸಲ ನಾವು ಹಿಂದೆ ಸರಿಯಲಿಲ್ಲ.

“ನೀನೇ ಇನ್ನೊಂದ್ಸಲ ಹಾಕು,” ಎಂದ ಚನ್ನಬಸಪ್ಪ.

“ಅವ್ನಿಗೆ ಕೇಳಿರುತ್ತೆ ಕಣೋ,” ಎಂದ ಸುರೇಂದ್ರ. “ನನ್ ದನಿ ಅಂತ ಸುಮ್ನಿದಾನೆ.”

“ಓಗೊಡೋಕೇ ಆಗ್ದಿರೋ ಹಂಗಾಗಿದ್ರೆ?” ಎಂದ ಚನ್ನಬಸಪ್ಪ.

ಸುರೇಂದ್ರ ನೀರಿಗೆ ಇಳಿದು ಒಂದು ಬೇರಿನ ಮೇಲೆ ಹತ್ತಿ ನಿಂತ. ಕೊಂಬೆ ಹಿಡಿದುಕೊಂಡು ಮತ್ತೆ ಕೂ ಹಾಕಿದ. ಅದು ಬಹಳ ಉದ್ದದ ಕೂ. ಮುಗಿಯುವಾಗ ದನಿ ಒಡೆಯಿತು.

ಎಡಗಡೆಯಿಂದ, ದೂರದಿಂದ, ಒಂದು ಸಣ್ಣ ‘ಕೂ’ ಬಂತು.

ಆಮೇಲೆ ಸುರೇಂದ್ರ ಬಿಡಲಿಲ್ಲ. ಅವನು ಹಾಕುವುದು, ಆ ಕಡೆಯಿಂದ ಬರುವುದು, ದಾಸ್ ಆ ದಿಕ್ಕಿಗೆ ಹಗ್ಗ ಹಿಡಿದು ಹೋಗುವುದು. ಧರ್ಮಪ್ಪ ಕಾಂಡ್ಲಾ ಮರವೊಂದನ್ನು ತಬ್ಬಿಕೊಂಡು ಬೇರಿನ ಮೇಲೆ ನಿಂತಿದ್ದ. ನೀರು ಅವನ ತೊಡೆಗೆ ಬಂದಿತ್ತು. ಚಪ್ಪಲಿ ಹೋಗಿತ್ತು, ಮೊಣಕಾಲು ತರಚಿತ್ತು. ದಾಸ್ ಅವನ ಸೊಂಟಕ್ಕೆ ಹಗ್ಗ ಕಟ್ಟಿದ. ಇನ್ನೊಂದು ತುದಿಯನ್ನು ನಾವು ಮೂವರು ಎಳೆದೆವು.

ದಡದಲ್ಲಿ ಕೂತು ಧರ್ಮಪ್ಪ ಉಸಿರು ಸುಧಾರಿಸಿಕೊಂಡ. ಸುರೇಂದ್ರ ಕೇಳಿದ:

“ಮೊದ್ಲುನೇದು ಕೇಳ್ಲಿಲ್ವಾ?”

“ಕೇಳ್ತು.”

“ಮತ್ತೆ?”

ಧರ್ಮಪ್ಪ ಕಾಲಿಗೆ ಮೆತ್ತಿದ ಕೆಸರನ್ನು ಎಲೆಯಿಂದ ಒರೆಸಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

“ಎರಡ್ನೇ ಸಲ ಹಾಕ್ತೀಯೋ ಇಲ್ವೋ ನೋಡ್ದೆ.”

ಸುರೇಂದ್ರ ತನ್ನ ಚಪ್ಪಲಿ ಬಿಚ್ಚಿ ಅವನ ಮುಂದೆ ಇಟ್ಟು, ಬರಿಗಾಲಿನಲ್ಲಿ ನಡೆದ.

ಊರಿಗೆ ಮರಳಿದ ಮೇಲೆ ದಾವೆ ವಾಪಸಾಗಬಹುದು ಎಂದು ನಾನು ನಿರೀಕ್ಷಿಸಿದೆ. ಪತ್ರಿಕೆಯ ಕೆಲಸದಲ್ಲಿ ಇಷ್ಟು ವರ್ಷ ಕಳೆದವನು ಹಾಗೆ ನಿರೀಕ್ಷಿಸಬಾರದಿತ್ತು. ನೀರಿನ ತಕರಾರು ನಿಜವಾದದ್ದು, ಬೇಸಗೆ ಬಂದರೆ ಇಬ್ಬರಿಗೂ ಹೂವು ಬಿರಿಯಬೇಕು. ಜೀವ ಉಳಿಸಿದ್ದಕ್ಕೆ ಹಳ್ಳ ಬಿಟ್ಟುಕೊಡು ಎಂದು ಒಬ್ಬ ಕೇಳಲಿಲ್ಲ, ಬಿಟ್ಟುಕೊಟ್ಟೆ ಎಂದು ಇನ್ನೊಬ್ಬ ಹೇಳಲಿಲ್ಲ. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಲು ಅವರಿಗೆ ಬರುತ್ತಿತ್ತು. ನಮ್ಮಂಥ ನೋಡುವವರಿಗೆ ಮಾತ್ರ ಕಥೆ ಒಂದು ಕಡೆ ಮುಗಿಯಬೇಕು ಎಂಬ ಆತುರ.

ದಾವೆ ಇನ್ನೂ ನಡೆಯುತ್ತಿದೆ. ಹೋದ ವಾಯಿದೆಯ ದಿನ ಸುರೇಂದ್ರ ಜ್ವರದಿಂದ ಮಲಗಿದ್ದ, ಅವನ ವಕೀಲರಿಗೂ ವಿಷಯ ತಿಳಿದಿರಲಿಲ್ಲ. ಅವನಿಗೆ ಹುಷಾರಿಲ್ಲ, ಇನ್ನೊಂದು ದಿನ ಕೊಡಬೇಕು ಎಂದು ಎದ್ದು ನಿಂತು ಕೇಳಿಕೊಂಡವನು ವಾದಿ ಧರ್ಮಪ್ಪ. ನ್ಯಾಯಾಲಯ ಮುಂದಿನ ತಿಂಗಳಿಗೆ ವಾಯಿದೆ ಕೊಟ್ಟಿದೆ.